ಕುಂಚ ಮುಂದೆ, ಲೇಖನಿ ಹಿಂದೆ

‘ಚಂದಮಾಮ’ವನ್ನು ಓದಿ ಬೆಳೆದವರಿಗೆ ಬೇತಾಳನ ಕಥೆಯೆಂದೊಡನೆ ಕಣ್ಣಿಗೆ ಕಟ್ಟುವ ದೃಶ್ಯ ಒಂದೇ: ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಖಡ್ಗ, ಸ್ಮಶಾನದಲ್ಲಿ ನಡೆದಿರುವ ವಿಕ್ರಮ. ಅದು ಚಿತ್ರಕಾರ ಶಂಕರ್ ಅವರ ಕೊಡುಗೆ. ಕಥೆಗಳನ್ನು ಮರೆತವರೂ ಆ ಚಿತ್ರವನ್ನು ಮರೆತಿಲ್ಲ. ಬರೆದಿಟ್ಟ ಕಥೆಯಲ್ಲಿಯೇ ಚಿತ್ರಕ್ಕೆ ಇಷ್ಟು ಬಲವಿರುವಾಗ, ಕುಳಿತವರೇ ಕಥೆಯನ್ನು ಕಟ್ಟುತ್ತ ಹೋಗುವ ಆಟದಲ್ಲಿ ಅದರ ಬಲ ಎಷ್ಟಿರಬೇಡ?

ಅಂತಹ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದರ ಹೆಸರು. ಮೇಜಿನ ಸುತ್ತ ನಾಲ್ಕಾರು ಮಂದಿ ಕೂಡುತ್ತಾರೆ. ಒಬ್ಬನು ಸೂತ್ರಧಾರ, “ಎದುರಿಗೊಂದು ಕಲ್ಲಿನ ಬಾಗಿಲಿದೆ, ಏನು ಮಾಡುವಿರಿ?” ಎಂದು ಕೇಳುತ್ತಾನೆ. ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಪಾತ್ರಗಳನ್ನು ವಹಿಸಿದವರು ಉತ್ತರಿಸುತ್ತಾರೆ. ಸಂಶಯವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಬಾಗಿಲೂ ಇಲ್ಲ, ರಾಕ್ಷಸನೂ ಇಲ್ಲ. ಇರುವುದು ಮಾತು ಮತ್ತು ನಿಯಮಗ್ರಂಥದ ಚಿತ್ರಗಳು.

1978ರ ಆಟಗಾರರ ಕೈಪಿಡಿಯ ಮುಖಪುಟವನ್ನು ಬರೆದವರು ಡೇವಿಡ್ ಟ್ರ್ಯಾಂಪಿಯರ್. ಭೀಕರ ವಿಗ್ರಹವೊಂದನ್ನು ಹತ್ತಿದ ಇಬ್ಬರು ಅದರ ಕಣ್ಣಿನ ರತ್ನವನ್ನು ಕೀಳುತ್ತಿದ್ದಾರೆ. ಕೆಳಗೆ ಹಲ್ಲಿಮಾನವರ ಹೆಣಗಳು. ಒಬ್ಬ ಕತ್ತಿಯನ್ನು ಒರೆಸುತ್ತಿದ್ದಾನೆ. ಕಾಳಗ ಮುಗಿದಿದೆ, ಲೂಟಿ ನಡೆದಿದೆ! ಪುಟ ತೆರೆಯುವ ಮೊದಲೇ ಹುಡುಗರಿಗೆ ಆಟದ ಸ್ವಭಾವ ತಿಳಿಯುತ್ತಿತ್ತು. ಒಳಗಿನ ನಿಯಮವೂ ಅದಕ್ಕೆ ತಕ್ಕಂತೆಯೇ ಇತ್ತು: ಹೊತ್ತು ತಂದ ಚಿನ್ನಕ್ಕೆ ಅನುಭವದ ಅಂಕಗಳು ದೊರೆಯುತ್ತಿದ್ದವು.

1983ರ ಕೆಂಪು ಪೆಟ್ಟಿಗೆಯ ಮೇಲೆ ಲ್ಯಾರಿ ಎಲ್ಮೋರ್ ಬರೆದದ್ದು ಬೇರೆಯೇ ಚಿತ್ರ: ಹೆಡೆಯೆತ್ತಿದಂತೆ ನಿಂತ ಕೆಂಪು ಡ್ರ್ಯಾಗನ್, ಅದಕ್ಕೆ ಎದುರಾದ ಒಬ್ಬನೇ ವೀರ. ಮರುವರ್ಷ ‘ಡ್ರ್ಯಾಗನ್‌ಲ್ಯಾನ್ಸ್’ ಎಂಬ ಮಹಾಕಥೆಯ ಮಾದರಿಯ ಆಟ ಬಂದಿತು. ಕಳ್ಳರ ಗುಂಪು ನಾಯಕರ ಪಡೆಯಾಯಿತು. ಚಿತ್ರವೊಂದರಿಂದಲೇ ಹೀಗಾಯಿತೆನ್ನುವುದು ಅತಿಶಯೋಕ್ತಿ. ಆದರೂ ದಾರಿ ತೋರಿದುದರಲ್ಲಿ ಕುಂಚದ ಪಾಲು ಸಣ್ಣದಲ್ಲ.

ಇನ್ನೂ ವಿಚಿತ್ರವಾದ ಸಂಗತಿಯಿದೆ. ಗೈಗ್ಯಾಕ್ಸ್ ಅಂಗಡಿಯಿಂದ ತಂದಿದ್ದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಪೊಟ್ಟಣದಲ್ಲಿ ಯಾವ ಪ್ರಾಣಿಯನ್ನೂ ಹೋಲದ ಒಂದು ಆಕೃತಿಯಿತ್ತು. ಅದರ ಬಾಲದ ತುದಿಯಲ್ಲಿ ವಿಮಾನದ ಪಂಖದಂತಹ ಅಲಗುಗಳು. ಅದೇ ಲೋಹವನ್ನು ತುಕ್ಕು ಹಿಡಿಸಿ ತಿನ್ನುವ ಮೃಗವಾಯಿತು. 1977ರ ರಾಕ್ಷಸಕೋಶದಲ್ಲಿ ಆ ಪಂಖದ ಬಾಲವೂ ಹಾಗೆಯೇ ಚಿತ್ರಿತವಾಯಿತು. ಅಂದಿನಿಂದ ಉಕ್ಕಿನ ಕವಚ ತೊಟ್ಟ ಮಹಾಯೋಧನೂ ಈ ಗೊಂಬೆಯ ಮರಿಗೆ ಹೆದರಿ ಓಡಬೇಕಾಯಿತು. ರೂಪ ಮೊದಲು, ಗುಣ ಆಮೇಲೆ!

1991ರ ‘ಡಾರ್ಕ್ ಸನ್’ನಲ್ಲಿ ಇದು ಪದ್ಧತಿಯೇ ಆಯಿತೆನ್ನಬಹುದು. ಬ್ರಾಮ್ ಎಂಬ ತರುಣ ಕಲಾವಿದ ಚಿತ್ರಗಳನ್ನು ಬರೆಯುತ್ತ ಹೋದ. ಲೇಖಕರು ಅಲ್ಲಿ ಕಂಡ ವ್ಯಕ್ತಿಗಳನ್ನೂ ವಸ್ತುಗಳನ್ನೂ ಕಥೆಯೊಳಗೆ ಸೇರಿಸಿಕೊಂಡರು. ಸುಟ್ಟ ಮರುಭೂಮಿ, ಮೂಳೆಯ ಆಯುಧಗಳು, ಬಿಸಿಲಿಗೆ ಒಣಗಿದ ಮೈಗಳು. ಅಲ್ಲಿ ಲೋಹವೇ ದುರ್ಲಭ, ಬಾಯಾರಿಕೆಗೂ ನಿಯಮವುಂಟು. ಹಸಿರು ಕಾಡುಗಳ ಆಟಕ್ಕೆ ಒಗ್ಗಿದವರು ಇಲ್ಲಿ ಮೊದಲು ನೀರನ್ನು ಹುಡುಕಬೇಕು, ನಿಧಿಯನ್ನು ಆಮೇಲೆ.

ಇಷ್ಟೆಲ್ಲ ಕಟ್ಟಿಕೊಟ್ಟ ಚಿತ್ರಕಾರರ ಬಾಳು ಯಾವಾಗಲೂ ವರ್ಣಮಯವಾಗಿರಲಿಲ್ಲ. ರತ್ನದ ಕಣ್ಣಿನ ವಿಗ್ರಹವನ್ನು ಬರೆದ ಟ್ರ್ಯಾಂಪಿಯರ್ 1980ರ ದಶಕದ ಕೊನೆಗೆ ಈ ವೃತ್ತಿಯನ್ನೇ ತೊರೆದರು. ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್ ಎಂಬ ಊರಿನಲ್ಲಿ ಟ್ಯಾಕ್ಸಿ ನಡೆಸುತ್ತಿದ್ದ ಅವರು 2014ರ ಮಾರ್ಚಿಯಲ್ಲಿ ತೀರಿಕೊಂಡರು.