ಹಿತ್ತಿಲ ಕಬ್ಬಿಣದ ಬೇಲಿ

ಬೇಲಿಯನ್ನು ಹಾಕುವ ಕ್ರಮವನ್ನು ಹೇಳಿಕೊಡುವವರು ಊರೂರಿಗೂ ಉಂಟು. ಹಾಕಿದ ಬೇಲಿಯನ್ನು ತೆಗೆಯುವ ಕ್ರಮವನ್ನು ಹೇಳುವವರು ವಿರಳ. ಕಟ್ಟುವುದು ವಿದ್ಯೆ, ಕೀಳುವುದೇನು ಮಹಾ ಎಂದು ನಾವೂ ಬಹುಕಾಲ ಎಣಿಸಿಕೊಂಡಿದ್ದೆವು. ಕಳೆದ ಮಾಘಮಾಸದಲ್ಲಿ ನಮ್ಮ ಹಿತ್ತಿಲ ಕಬ್ಬಿಣದ ಬೇಲಿಯನ್ನು ಎದುರಿಗೆ ನಿಂತು ತೆಗೆಯಿಸಬೇಕಾಗಿ ಬಂದಾಗ ಆ ಎಣಿಕೆಯು ತಪ್ಪೆಂಬುದು ಮನದಟ್ಟಾಯಿತು. ಗೃಹಸ್ಥರಾದ ವಾಚಕರಿಗೆ ಪ್ರಯೋಜನವಾದೀತೆಂದು ಆ ಎರಡು ದಿನಗಳ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ. ಇದರಲ್ಲಿ ನಮಗೆ ಹಿತವಲ್ಲದ ಒಂದು ಸಂಗತಿಯೂ ಸೇರಿದೆ. ಅದನ್ನು ಬಿಟ್ಟರೆ ಬರೆದಂತಾಗದು.

ನಾವಿರುವುದು ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಲ್ಲಿ. ಈ ಹೆಸರನ್ನು ಹೊರಗಿನವರು ಕೇಳಿದ್ದರೆ ಅದು ಇಲ್ಲಿಯ ಕೈಗಾರಿಕಾ ಪ್ರದೇಶದ ದೆಸೆಯಿಂದಲೇ ಇರಬೇಕು. ನಮ್ಮ ಬಾಲ್ಯದಲ್ಲಿ ಬೇಲಿಯೆಂದರೆ ಕತ್ತಾಳೆ, ಕಳ್ಳಿ, ಲಂಟಾನ, ಇಲ್ಲವೆ ಕಡಿದು ಹೊದಿಸಿದ ಜಾಲಿಯ ಮುಳ್ಳು. ಬೇಲಿ ಎಂಬುದು ಅಚ್ಚಗನ್ನಡದ ಮಾತು. ತಮಿಳಿನ ವೇಲಿಯು ಅದರ ಒಡಹುಟ್ಟು. ಸಂಸ್ಕೃತದಲ್ಲಿ ಇದಕ್ಕೆ ವೃತಿಯೆಂದು ಹೆಸರು. ಆವರಣವೆಂಬ ಶಬ್ದವು ಹುಟ್ಟಿದ ಧಾತುವಿನಿಂದಲೇ ಇದೂ ಹುಟ್ಟಿತು. ಮುಚ್ಚುವುದು, ಸುತ್ತುವರಿಯುವುದು ಎಂದು ಅದರ ಅರ್ಥ. (ಪಾಠ ಹೇಳಿ ಹೇಳಿ ಪಳಗಿದ ನಾಲಗೆಯು ಧಾತುವನ್ನು ಹೇಳದೆ ಮುಂದಕ್ಕೆ ಹೋಗಲೊಲ್ಲದು, ವಾಚಕರು ಮನ್ನಿಸಬೇಕು.)

ಜೀವವಿರುವ ಬೇಲಿಗೆ ಒಂದು ದೋಷವುಂಟು, ಅದು ನೆಟ್ಟಲ್ಲಿ ನಿಲ್ಲದು. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿಯು ಬೇಲಿಯಿಂದ ಹೊಲಕ್ಕೂ ಹೊಲದಿಂದ ಗೋಮಾಳಕ್ಕೂ ಹಬ್ಬಿ ದಕ್ಷಿಣಭಾರತದ ರೈತರನ್ನು ಗೋಳಾಡಿಸಿತ್ತು. ೧೯೨೬ರಲ್ಲಿ ಸಿಂಹಳದಿಂದ ತಂದು ಬಿಟ್ಟ, ಮೈಮೇಲೆ ಬಿಳಿಯ ಹಿಟ್ಟನ್ನು ಹೊದ್ದ ಒಂದು ಸಣ್ಣ ಕೀಟವು ಅದರ ರಸವನ್ನು ಹೀರಿ ಕೆಲವೇ ವರ್ಷಗಳಲ್ಲಿ ಅದನ್ನು ಅಡಗಿಸಿತು. ಕಬ್ಬಿಣದ ಮುಳ್ಳುತಂತಿಗೆ ಈ ದೋಷವಿಲ್ಲ. ಅಮೆರಿಕದ ಇಲಿನಾಯ್ ಪ್ರಾಂತದ ಡಿಕಾಲ್ಬ್ ಎಂಬ ಊರಿನ ಜೋಸೆಫ್ ಗ್ಲಿಡ್ಡನ್ ಎಂಬ ಬೇಸಾಯಗಾರನು, ಎರಡು ತಂತಿಗಳನ್ನು ಹೊಸೆದು ನಡುವೆ ಮುಳ್ಳನ್ನು ಸಿಕ್ಕಿಸಿ ನಿಲ್ಲಿಸುವ ಉಪಾಯಕ್ಕೆ ೧೮೭೪ರಲ್ಲಿ ಹಕ್ಕುಪತ್ರವನ್ನು ಪಡೆದನು. ದನಗಳನ್ನು ತಡೆಯಲು ಹುಟ್ಟಿದ ಈ ತಂತಿಯು ನಲವತ್ತು ವರ್ಷಗಳಲ್ಲಿ ಯೂರೋಪಿನ ಮಹಾಯುದ್ಧದ ಕಂದಕಗಳ ಮುಂದೆ ಮನುಷ್ಯರನ್ನು ತಡೆಯಲು ನಿಂತಿತು.

ನಮ್ಮ ಮನೆಗೆ ಅದು ಬಂದುದು ೧೯೯೬ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ತಂದೆಯವರು ತಾವೇ ನಿಂತು ನಮಗೂ ನಮ್ಮ ತಮ್ಮನಿಗೂ ಭಾಗ ಮಾಡಿಕೊಟ್ಟು, ನಡುವೆ ಬೀದಿಯ ತುದಿಗೊಂದು, ಹಿತ್ತಿಲ ತುದಿಗೊಂದು ಕಲ್ಲು ನೆಡಿಸಿದ್ದರು. ಪಶ್ಚಿಮದ ಪಾಲು ನಮ್ಮದು, ಪೂರ್ವದ್ದು ತಮ್ಮನದು. ತಂದೆಯವರು ತೀರಿಕೊಂಡ ಮೇಲೆ ಹಿತ್ತಿಲ ಕಲ್ಲು ಗಾಡಿ ತಗುಲಿ ಉರುಳಿತು. ಅದನ್ನು ಯಾರು ಎತ್ತಿ ಎಲ್ಲಿ ಹಾಕಿದರೋ ತಿಳಿಯದು. ಆ ವರ್ಷ ತಮ್ಮನ ಹಸುವು ಹಗ್ಗ ಬಿಚ್ಚಿಕೊಂಡು ನಮ್ಮ ಹುರುಳಿಕಾಯಿಯ ಪಾತಿಯನ್ನು ಮೂರು ಸಲ ಮೇಯಿತು. ಮಾತಿಗೆ ಮಾತು ಬೆಳೆಯಿತು. ನಾವು ಕೋಪದಲ್ಲಿ ಆಂಗಲ್ ಕಂಬ, ಜಾಲರಿ, ಮೇಲಕ್ಕೆ ಎರಡು ಸಾಲು ಮುಳ್ಳುತಂತಿ ಇವನ್ನು ತರಿಸಿ, ಬೇಸಗೆಯ ರಜದಲ್ಲಿ ಬೇಲಿ ಹಾಕಿಸಿಬಿಟ್ಟೆವು. ತಮ್ಮನು ಆ ದಿನ ಊರಿನಲ್ಲಿರಲಿಲ್ಲ. ಬಂದು ನೋಡಿದನು, ಏನೂ ಹೇಳಲಿಲ್ಲ. ಹಸುವನ್ನು ಮಾತ್ರ ಆ ವರ್ಷವೇ ಮಾರಿದನು.

ತಂತಿಗೆ ಸತುವಿನ ಲೇಪವಿದ್ದಿತು. ಕರಗಿದ ಸತುವಿನಲ್ಲಿ ಅದ್ದಿದ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯದು. ಗಾಳಿಯೂ ನೀರೂ ಮೊದಲು ಸತುವನ್ನು ತಿನ್ನುವುವು, ಸತುವು ತಾನು ಸವೆಯುತ್ತ ಒಳಗಿನ ಕಬ್ಬಿಣವನ್ನು ಉಳಿಸುವುದು. (ಅದಿರಿನಿಂದ ಸತುವನ್ನು ಬಟ್ಟಿಯಿಳಿಸುವ ವಿದ್ಯೆಯನ್ನು ನಮ್ಮ ರಸಶಾಸ್ತ್ರಜ್ಞರು ಚೆನ್ನಾಗಿ ಬಲ್ಲವರಾಗಿದ್ದರು, ರಾಜಸ್ಥಾನದ ಜಾವರದಲ್ಲಿ ಅದಕ್ಕೆ ಬಳಸಿದ ಮಣ್ಣಿನ ಮೂಸೆಗಳ ರಾಶಿಗಳಿವೆ.) ಆದರೆ ಲೇಪವು ಮುಗಿದ ದಿನ ಕಾವಲೂ ಮುಗಿಯಿತು. ಮೂವತ್ತು ವರ್ಷ ಸಮೀಪಿಸುವ ಹೊತ್ತಿಗೆ ಜಾಲರಿಯು ಬುಡದಲ್ಲಿ ಹರಿದು, ಕಂಬಗಳ ಕಾಂಕ್ರೀಟು ಬಿರಿದಿದ್ದಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುವುದರಿಂದ ಒಳಗಿಂದಲೇ ಒಡೆಯುತ್ತದೆ. ತಮ್ಮನು ಆಗಲೇ ಗತಿಸಿದ್ದನು. ಅವನ ಮೊಮ್ಮಗನಿಗೆ ನಮ್ಮ ಸೀಬೆಮರದ ಮೇಲೆ ಕಣ್ಣು. ಹರಿದ ಕಡೆ ನುಸುಳಿ ಬರುವಾಗ ಮೀನಖಂಡವನ್ನು ಆಳವಾಗಿ ಗೀರಿಕೊಂಡನು.

ಮಗುವಿಗೆ ಅಂದೇ ಧನುರ್ವಾಯುವಿನ ಸೂಜಿ ಹಾಕಿಸಿದೆವು. ತುಕ್ಕಿನಲ್ಲಿಯೇ ವಿಷವಿದೆಯೆಂದು ಬಹಳ ಜನ ನಂಬುತ್ತಾರೆ, ಹಾಗಲ್ಲ. ಆ ರೋಗದ ಕ್ರಿಮಿಯು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ; ತುಕ್ಕಿನ ಮೊನೆಯು ಅದನ್ನು ಗಾಳಿಯಾಡದ ಆಳಕ್ಕೆ ಒಯ್ದು ಬಿಡುತ್ತದೆ. ಆದುದರಿಂದ ಹೊಳೆಯುವ ಹೊಸ ತಂತಿಯ ಗಾಯವನ್ನೂ ಅಲಕ್ಷ್ಯ ಮಾಡಬಾರದು. ಆ ರಾತ್ರಿಯೇ ನಮ್ಮ ಮನೆಯವರು, “ಇನ್ನು ಯಾರಿಗಾಗಿ ಆ ಬೇಲಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ಕೆಲಸದ ಕ್ರಮ. ಮೊದಲು ಹೇಳತಕ್ಕುದೇನೆಂದರೆ, ಎಲ್ಲೆಯ ಬೇಲಿಯನ್ನು ಆಚೆಯ ಮನೆಯವರಿಗೆ ತಿಳಿಸದೆ ಮುಟ್ಟಲಾಗದು. ತಮ್ಮನ ಹೆಂಡತಿಯು ಸಂತೋಷದಿಂದ ಒಪ್ಪಿದರು. ಸಾಂಖ್ಯರು ಲಯದ ಕ್ರಮವು ಸೃಷ್ಟಿಯ ಕ್ರಮಕ್ಕೆ ವಿಲೋಮವೆನ್ನುತ್ತಾರೆ; ಬೇಲಿಗೂ ಅದೇ ನಿಯಮ. ಕೊನೆಗೆ ಹಾಕಿದ ಮುಳ್ಳುತಂತಿಯನ್ನು ಮೊದಲು, ಅನಂತರ ಜಾಲರಿಯನ್ನು, ಕಡೆಗೆ ಕಂಬವನ್ನು ತೆಗೆಯತಕ್ಕದ್ದು. ಬಿಗಿದ ತಂತಿಯನ್ನು ನಡುವೆ ಕತ್ತರಿಸಿದರೆ ಅದು ಹಾವಿನಂತೆ ಸುರುಳಿಕೊಂಡು ಮುಖಕ್ಕೆ ಎರಗುವುದು. ನಮ್ಮ ಕೆಲಸಗಾರನು ತುದಿಯ ಕಂಬದ ಬಿಗಿಯನ್ನು ಮೊದಲು ಸಡಿಲಿಸಿ, ತಂತಿಯ ಪಕ್ಕಕ್ಕೆ ನಿಂತು, ಕಂಬದ ಸಮೀಪದಲ್ಲಿಯೇ ಕತ್ತರಿಸಿದನು. ಚರ್ಮದ ಕೈಗವಸು, ಬೂಟು, ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ಇವು ನಾಲ್ಕೂ ಇರಬೇಕು. ತೆಗೆದ ತಂತಿಯನ್ನು ನೆಲದಲ್ಲಿ ಹರಡದೆ ಹಳೆಯ ಟೈರಿನ ಮೇಲೆ ಸುತ್ತುತ್ತ ಹೋದನು. ಇದು ಅವನ ಬುದ್ಧಿ, ನಮ್ಮದಲ್ಲ.

ದನವಿರುವ ಮನೆಯವರು ಇನ್ನೊಂದು ಮಾತನ್ನು ಮರೆಯಬಾರದು. ಹಸುವು ಮೇವನ್ನು ಅಗಿಯದೆ ನುಂಗುತ್ತದೆ. ಮೇವಿನಲ್ಲಿ ಸೇರಿದ ಎರಡು ಅಂಗುಲದ ತಂತಿಯ ಚೂರು ಅದರ ಎರಡನೆಯ ಜಠರದಲ್ಲಿ ನಿಂತು, ಮುಂದಕ್ಕೆ ಚುಚ್ಚಿಕೊಂಡು ಹೋಗಿ ಹೃದಯದ ಪೊರೆಯನ್ನು ಮುಟ್ಟುವುದುಂಟು. ಹಾಗೆ ಸತ್ತ ಹಸುಗಳೆಷ್ಟೋ. ಕೆಟ್ಟುಹೋದ ಧ್ವನಿವರ್ಧಕದ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಹಿತ್ತಿಲೆಲ್ಲ ಎಳೆಸಿದೆವು. ಒಂದು ಬೊಗಸೆ ಚೂರು ದೊರಕಿತು. ಹುಡುಗನಿಗೆ ಆ ಕೆಲಸವೇ ಆಟವಾಯಿತು.

ಕಂಬಗಳಿಗೆ ಬಣ್ಣವಿದ್ದರೆ ಅದನ್ನು ಒಣಗಿದಂತೆಯೇ ಕೆರೆಯಬಾರದು, ಸುಡಬಾರದು. ಹಿಂದಿನ ಕಾಲದಲ್ಲಿ ಕಬ್ಬಿಣಕ್ಕೆ ಬಳಿಯುತ್ತಿದ್ದ ಕೆಂಪು ಬಣ್ಣಗಳಲ್ಲಿ ಸೀಸದಿಂದಾದ ಸಿಂಧೂರವಿರುತ್ತಿತ್ತು. ಅದರ ಧೂಳು ಮಕ್ಕಳ ಮಿದುಳಿಗೆ ಕೇಡು. ೨೦೧೬ರಲ್ಲಿ ಭಾರತ ಸರ್ಕಾರವು ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂದು ನಿಯಮ ಮಾಡಿತು. ನಮ್ಮ ಕಂಬಗಳು ಅದಕ್ಕೆ ಬಹಳ ಹಿಂದಿನವು. ಹಾಗೆಯೇ ಗುಜರಿಗೆ ಹಾಕಿದೆವು.

ಹಿತ್ತಿಲ ತುದಿಯಲ್ಲಿ ಕೆಲಸವು ನಿಂತಿತು. ಅಲ್ಲೊಂದು ಹೊಂಗೆಯ ಮರ. ಬೇಲಿ ಹಾಕಿದಾಗ ಅದು ಮೊಣಕಾಲೆತ್ತರದ ಸಸಿ. ತಂತಿಯಿಂದ ಒಂದು ಗೇಣು ಈಚೆಗೆ, ನಮ್ಮ ಕಡೆಗೆ ಇದ್ದಿತು. ಈಗ ಅದರ ಬೊಡ್ಡೆಯು ಎರಡು ಸಾಲು ತಂತಿಯನ್ನೂ ನುಂಗಿ ಮೇಲೆ ತೊಗಟೆಯ ತುಟಿಯನ್ನು ಮುಚ್ಚಿಕೊಂಡಿದೆ. ಕೆಲಸಗಾರನು ತಂತಿಯನ್ನು ಜಗ್ಗಿ ಎಳೆಯಹೊರಟನು, ನಾವು ತಡೆದೆವು. ಮರದ ಆಹಾರವು ಇಳಿಯುವುದು ತೊಗಟೆಯ ಒಳಪದರದಲ್ಲಿ. ಅದು ಕಿತ್ತುಬಂದರೆ ಮರವು ಸೊರಗುವುದು. ಎರಡು ಕಡೆಯೂ ತೊಗಟೆಗೆ ಹತ್ತಿಸಿ ಕತ್ತರಿಸಿ, ಒಳಗಿನದನ್ನು ಒಳಗೇ ಬಿಡಬೇಕು. ಮುಂದೆಂದಾದರೂ ಗರಗಸ ಹಿಡಿಯುವವನಿಗೆ ತಿಳಿಯಲೆಂದು ಆ ಎತ್ತರದಲ್ಲಿ ಸುಣ್ಣದ ಪಟ್ಟೆ ಬಳಿದೆವು.

ಉಳಿದುದು ಮೂಲೆಯ ಕಂಬ. ಹಿಂದಿನ ಸಂಜೆಯೇ ಕಂಬಗಳ ಬುಡಕ್ಕೆ ನೀರು ಹೊಯ್ದಿದ್ದರಿಂದ ಉಳಿದವೆಲ್ಲ ಒಂದು ಮಗ್ಗುಲಿಗೆ ಅಗೆದು, ಅಲುಗಿಸಿ, ಹಾರೆಯಿಂದ ಮೀಟಿದಾಗ ಎದ್ದುಬಂದವು. ಮೂಲೆಯದು ಬಾರದು. ಅದರ ಕಾಂಕ್ರೀಟಿನ ಮುದ್ದೆಯು ದೊಡ್ಡದಾದುದರಿಂದ ನಮ್ಮ ಮನೆಯ ಕಡೆಗೆ ಅಗಲವಾಗಿ ತೋಡಬೇಕಾಯಿತು. ಎರಡಡಿಯ ಆಳದಲ್ಲಿ ಕೆಮ್ಮಣ್ಣಿನ ನಡುವೆ ಹಾರೆಯ ತುದಿಗೆ ಕಪ್ಪು ಮೆತ್ತಿಕೊಂಡು ಬಂದಿತು. ಇದ್ದಿಲು, ಅದರೊಡನೆ ಮಡಕೆಯ ಚೂರು, ಇಟ್ಟಿಗೆಯ ತುಂಡು.

ಕೆಲಸಗಾರನು ಯಾವುದೋ ಹಳೆಯ ಒಲೆಯೆಂದುಕೊಂಡನು. ನಮಗೆ ಮಾತ್ರ ನೋಡಿದೊಡನೆ ತಿಳಿಯಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದದ ಪ್ರಕರಣವೊಂದಿದೆ. ಎಲ್ಲೆಯಲ್ಲಿ ಆಲ, ಅರಳಿ, ಮುತ್ತುಗ ಮೊದಲಾದ ಮರಗಳನ್ನು ನೆಡಬೇಕು. ಮನುಷ್ಯರು ಎಲ್ಲೆಯ ವಿಷಯದಲ್ಲಿ ಸದಾ ತಪ್ಪುವುದರಿಂದ ಕಾಣದ ಗುರುತುಗಳನ್ನೂ ಇಡಬೇಕು. ಕಲ್ಲು, ಮೂಳೆ, ಹೊಟ್ಟು, ಬೂದಿ, ಮಡಕೆಯ ಚೂರು, ಇಟ್ಟಿಗೆ, ಇದ್ದಿಲು, ಮರಳು, ಹೀಗೆ ಮಣ್ಣು ಬೇಗ ತಿನ್ನದ ವಸ್ತುಗಳನ್ನು ನೆಲದಲ್ಲಿ ಹುಗಿಯಬೇಕು ಎಂಬುದು ಅದರ ಸಾರಾಂಶ. ಈ ಭಾಗವನ್ನು ತಂದೆಯವರಿಗೆ ಓದಿ ಅರ್ಥ ಹೇಳಿದವರು ನಾವೇ. ಕಲ್ಲು ನೆಡುವ ದಿನ ಅವರು ಒಲೆಯಿಂದ ಇದ್ದಿಲನ್ನು ಮೊರದಲ್ಲಿ ತರಿಸಿದ್ದುದು ನೆನಪಿಗೆ ಬಂದಿತು.

ಟೇಪು ಹಿಡಿದು ಅಳೆದೆವು. ಬೀದಿಯ ಕಲ್ಲಿನಿಂದ ಬೇಲಿಯ ಉದ್ದ ೬೬ ಅಡಿ. ತಂದೆಯವರ ಗುರುತಿಗಿಂತ ನಮ್ಮ ಮೂಲೆಯ ಕಂಬವು ತಮ್ಮನ ಕಡೆಗೆ ಸರಿಯಾಗಿ ಒಂದು ಮೊಳ, ಎಂದರೆ ೧½ ಅಡಿ, ಸರಿದು ನಿಂತಿದ್ದಿತು. ತ್ರಿಕೋಣದ ಲೆಕ್ಕದಲ್ಲಿ ೪೯½ ಚದರಡಿ; ಗುಂಟೆಗೆ ೧೦೮೯ ಚದರಡಿಯಾದುದರಿಂದ ಗುಂಟೆಯ ಇಪ್ಪತ್ತೆರಡನೆಯ ಒಂದು ಪಾಲು. ಒಂದು ಮಂಚ ಹಾಕಿದರೆ ಬಹುಮಟ್ಟಿಗೆ ತುಂಬುವಷ್ಟು ನೆಲ. ಹೊಂಗೆಯ ಮರವು ಆ ಎಡೆಯಲ್ಲಿದೆ.

ತಿಳಿಯದೆ ಆಯಿತೆಂದು ಬರೆದರೆ ಅದು ಪೂರ್ತಿ ನಿಜವಾಗದು. ದಾರ ಹಿಡಿದ ದಿನ, “ಸಸಿಯನ್ನು ಉಳಿಸಲು ಒಂದಿಷ್ಟು ಆಚೆಗೆ ಹಿಡಿ” ಎಂದವರು ನಾವು. ಸಸಿಯು ಆಚೆಯ ಕಡೆಯಲ್ಲಿದ್ದರೂ ಉಳಿಯುತ್ತಿತ್ತು.

ನಮಗೆ ಪರಿಚಿತರಾದ ವಕೀಲರೊಬ್ಬರು ಸಂಗತಿಯನ್ನು ಕೇಳಿ, ೧೯೬೩ರ ಕಾಲಮಿತಿಯ ಕಾಯಿದೆಯಂತೆ ಸಾಮಾನ್ಯವಾಗಿ ಹನ್ನೆರಡು ವರ್ಷ ಕಳೆದರೆ ಸ್ವಾಧೀನಕ್ಕೆ ದಾವೆ ನಿಲ್ಲದು, ಚಿಂತೆ ಬೇಡವೆಂದರು. ಸ್ನೇಹದಿಂದ ಹೇಳಿದ ಮಾತು. ನಾವು ಚಿಂತಿಸುತ್ತಿದ್ದುದು ದಾವೆಯನ್ನಲ್ಲ. ಸಂಜೆ ತಮ್ಮನ ಹೆಂಡತಿಯನ್ನು ಕರೆದು ಗುಂಡಿಯನ್ನು ತೋರಿಸಿ ಹೇಳಬೇಕಾದುದನ್ನು ಹೇಳಿದೆವು. ಅವರು ಸೆರಗನ್ನು ಹೊದ್ದುಕೊಂಡು ಬಗ್ಗಿ ಇದ್ದಿಲನ್ನು ನೋಡಿದರು.

“ಅವರಿಗೆ ಗೊತ್ತಿತ್ತು ಭಾವ. ಆ ಹೊಂಗೇಸಸಿ ಅತ್ತೆಯವರು ನೆಟ್ಟದ್ದಲ್ಲವೆ? ‘ಅಣ್ಣನಿಗೆ ಅದರ ಮೇಲೆ ಆಸೆ, ಇರಲಿ ಬಿಡು’ ಅಂದರು. ಆಮೇಲೆ ಆ ಮಾತೇ ಎತ್ತಲಿಲ್ಲ.”

ನಮ್ಮ ತಾಯಿಯವರು ಅದನ್ನು ನೆಟ್ಟುದು ನಮಗೆ ಮರೆತೇಹೋಗಿದ್ದಿತು.

ಮರುದಿನ ಕಲ್ಲುಕುಟಿಗನಿಂದ ಒಂದು ಕಲ್ಲುಕೂಚವನ್ನು ತರಿಸಿ ಹಳೆಯ ಗುರುತಿನ ಮೇಲೆ ನೆಡಿಸಿದೆವು. ಎತ್ತಿದ ಇದ್ದಿಲನ್ನೇ ಮತ್ತೆ ತುಂಬಿ, ಸಾಲದುದಕ್ಕೆ ಅವರ ನೀರೊಲೆಯಿಂದ ಒಂದು ಮೊರ ತಂದು ಸೇರಿಸಿದೆವು. ಎಲ್ಲೆಯ ಗುರುತನ್ನು ಕೀಳುವುದಾಗಲಿ ಸರಿಸುವುದಾಗಲಿ ಬೇರೆ, ಬೇಲಿಯನ್ನು ತೆಗೆಯುವುದು ಬೇರೆ. ಸರ್ಕಾರದ ಬಾಂದುಕಲ್ಲಾದರೆ ಅದನ್ನು ಕೆಡಿಸುವುದು ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ದಂಡನೀಯವೂ ಹೌದು. ಬೇಲಿಯಿದ್ದ ಸಾಲಿನಲ್ಲಿ ದಾಸವಾಳ ಹಾಕಿಸೋಣವೆ ಎಂದು ಕೇಳಿದುದಕ್ಕೆ ತಮ್ಮನ ಹೆಂಡತಿಯು, ಸದ್ಯಕ್ಕೆ ಏನೂ ಬೇಡ, ಹುಡುಗ ಓಡಾಡಲಿ ಎಂದರು. ಹೊಂಗೆಯ ಕಾಯಿಯನ್ನು ಈ ಸಲ ಅವರೇ ಆರಿಸಿಕೊಂಡರು.

ಗುಜರಿಯವನು ತೂಗಿ ಕೊಟ್ಟ ಹಣವು ಕಲ್ಲಿನ ಬೆಲೆಗೆ ಸರಿಹೋಯಿತು, ಕೂಲಿಗೆ ಸಾಲಲಿಲ್ಲ. ಕಂಬದ ಗುಂಡಿಗಳನ್ನು ಕೆಮ್ಮಣ್ಣಿನಿಂದ ತುಂಬಿ ದಿಮ್ಮಸು ಹಾಕಿಸಿದ್ದೇವೆ. ಮೊದಲ ಮಳೆಗೆ ಅವು ಒಂದಿಷ್ಟು ಕುಸಿಯುವುವು. ಆಗ ಮತ್ತೊಮ್ಮೆ ತುಂಬಬೇಕಾಗುವುದು.