ಅಗ್ಗದ ಗಣಕಗಳಿಂದ ಸಮಾಂತರ ಗಣನದ ಬೋಧನೆ

ದೊಡ್ಡದೊಂದು ಲೆಕ್ಕವನ್ನು ಭಾಗಮಾಡಿ, ಹಲವು ಗಣಕಗಳಿಗೆ ಹಂಚಿ, ಏಕಕಾಲದಲ್ಲಿ ಮಾಡಿಸುವುದಕ್ಕೆ ಸಮಾಂತರ ಗಣನವೆಂದು ಹೆಸರು. ಇದನ್ನು ಕಲಿಸಲು ಬೆಲೆಬಾಳುವ ಸೂಪರ್ ಕಂಪ್ಯೂಟರೇ ಬೇಕೆಂಬ ಭಾವನೆ ಉಂಟು. ಆದರೆ ಈ ವಿಷಯದ ಮುಖ್ಯ ಪಾಠವನ್ನು ಅಗ್ಗದ ಯಂತ್ರಗಳೇ ಹೆಚ್ಚು ಸ್ಪಷ್ಟವಾಗಿ ಕಲಿಸಬಲ್ಲವು.

ಸಾಮಾನ್ಯ ಬಿಡಿಭಾಗಗಳಿಂದ ಸಮಾಂತರ ಗಣಕವನ್ನು ಕಟ್ಟುವ ಕೆಲಸ ಬೆಂಗಳೂರಿಗೆ ಹೊಸದಲ್ಲ. ಇಲ್ಲಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ ಡಾ. ಯು. ಎನ್. ಸಿನ್ಹಾ ಮತ್ತು ಅವರ ಸಂಗಡಿಗರು 1986ರಲ್ಲಿ ಇಂಟೆಲ್ 8086 ಸಂಸ್ಕಾರಕಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಯಂತ್ರವನ್ನು ನಿರ್ಮಿಸಿದರು. ದ್ರವ ಮತ್ತು ಅನಿಲಗಳ ಚಲನೆಯ ಸಮೀಕರಣಗಳನ್ನು ಬಿಡಿಸುವುದು ಅದರ ಉದ್ದೇಶವಾಗಿದ್ದಿತು. ಅಮೆರಿಕದಲ್ಲಿ 1994ರಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ ಎಂಬುವರು 16 ಸಾಧಾರಣ ಗಣಕಗಳನ್ನು ಈಥರ್‌ನೆಟ್ ತಂತಿಯಿಂದ ಕೂಡಿಸಿ ‘ಬೇವುಲ್ಫ್’ ಗುಂಪನ್ನು ರಚಿಸಿದರು. 2012ರಲ್ಲಿ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವು ಮಾರಾಟಕ್ಕೆ ಬಂದ ಮೇಲೆ ಇಂಥ ರಚನೆ ಕಾಲೇಜಿನ ಕೈಗೂ ಎಟಕಿತು. ಅಂಥ ನಾಲ್ಕು ಗಣಕಗಳು, ಒಂದು ನೆಟ್‌ವರ್ಕ್ ಸ್ವಿಚ್, ಉಚಿತವಾಗಿ ದೊರೆಯುವ ಲಿನಕ್ಸ್ ಮತ್ತು ಎಂ.ಪಿ.ಐ. ತಂತ್ರಾಂಶ, ಇಷ್ಟಿದ್ದರೆ ಸಾಕು.

ಒಂದು ಅಭ್ಯಾಸವನ್ನು ನೋಡೋಣ. ಬಿಸಿಯಾದ ಲೋಹದ ತಗಡಿನ ಮೇಲೆ 100 ಸಾಲುಗಳು, ಸಾಲಿಗೆ 100 ಬಿಂದುಗಳು. ಪ್ರತಿಯೊಂದು ಬಿಂದುವಿನ ಹೊಸ ಉಷ್ಣತೆ ಅದರ ನಾಲ್ಕು ನೆರೆಬಿಂದುಗಳ ಸರಾಸರಿ. ನಾಲ್ಕು ಗಣಕಗಳಿಗೆ ಹಂಚಿದರೆ ಒಂದೊಂದಕ್ಕೂ 25 ಸಾಲು, ಅಂದರೆ 2500 ಬಿಂದು. ಆದರೆ ಪ್ರತಿ ಹಂತದಲ್ಲಿಯೂ ನಡುವಣ ಗಣಕವು ಅಕ್ಕಪಕ್ಕದವುಗಳಿಂದ ಅಂಚಿನ ಎರಡು ಸಾಲುಗಳನ್ನು, ಎಂದರೆ 200 ಸಂಖ್ಯೆಗಳನ್ನು, ತರಿಸಿಕೊಳ್ಳಬೇಕು. ಗಣಕಗಳನ್ನು 20ಕ್ಕೆ ಏರಿಸಿದರೆ ಒಂದೊಂದರ ಪಾಲು 500 ಬಿಂದುಗಳಿಗೆ ಇಳಿಯುತ್ತದೆ. ತರಿಸಬೇಕಾದ ಸಂಖ್ಯೆಗಳು ಮಾತ್ರ 200 ಆಗಿಯೇ ಉಳಿಯುತ್ತವೆ. ದುಡಿಮೆ ಕುಗ್ಗಿತು, ಮಾತುಕತೆ ಕುಗ್ಗಲಿಲ್ಲ. ವೇಗದ ಜಾಲವುಳ್ಳ ದುಬಾರಿ ಯಂತ್ರದಲ್ಲಿ ಈ ನಷ್ಟ ಸುಲಭವಾಗಿ ಕಣ್ಣಿಗೆ ಬೀಳದು. ನಿಧಾನದ ತಂತಿಯಲ್ಲಿ ಗಡಿಯಾರವೇ ಅದನ್ನು ತೋರಿಸುತ್ತದೆ.

ಎರಡನೆಯ ಪಾಠ 1967ರಲ್ಲಿ ಆಮ್‌ಡಾಲ್ ಮಂಡಿಸಿದ ವಾದದಿಂದ ಬಂದುದು. 100 ನಿಮಿಷದ ಕೆಲಸದಲ್ಲಿ 10 ನಿಮಿಷದ ಭಾಗ ಹಂಚಲು ಬಾರದ್ದಾದರೆ, ಹತ್ತು ಗಣಕಗಳಿಂದ ಅದು 10 ನಿಮಿಷಕ್ಕೆ ಇಳಿಯುವುದಿಲ್ಲ. 10ಕ್ಕೆ 9 ಕೂಡಿ 19 ನಿಮಿಷ ಹಿಡಿಯುತ್ತದೆ. ಕೊಡಿಗೇಹಳ್ಳಿ ಗೇಟಿನ ಹೆಸರು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ರೈಲ್ವೆ ಗೇಟಿನ ಹೋಲಿಕೆ ಸುಲಭ: ರಸ್ತೆಯನ್ನು ಎಷ್ಟು ಅಗಲಿಸಿದರೂ, ಗೇಟು ಹಾಕಿರುವಷ್ಟು ಹೊತ್ತು ಕಾಯದೆ ವಿಧಿಯಿಲ್ಲ.

ದೂರದ ದೊಡ್ಡ ಯಂತ್ರಕ್ಕೆ ಲೆಕ್ಕವನ್ನು ಕಳುಹಿಸಿ ಉತ್ತರ ಪಡೆಯುವ ವಿದ್ಯಾರ್ಥಿಗೆ ನಡುವೆ ನಡೆದುದು ತಿಳಿಯದು. ಇಲ್ಲಿ ಅವನು ಒಂದು ತಂತಿಯನ್ನು ಕಿತ್ತು, ಲೆಕ್ಕವೆಲ್ಲ ನಿಲ್ಲುವುದನ್ನು ಕಣ್ಣಾರೆ ಕಾಣಬಹುದು. ಗಣಕಗಳ ಸಂಖ್ಯೆಯನ್ನು ಹೆಚ್ಚಿಸುವುದು ಹಣದ ಕೆಲಸ. ಲೆಕ್ಕವನ್ನು ಸರಿಯಾಗಿ ಹಂಚುವುದು ಬುದ್ಧಿಯ ಕೆಲಸ. ತರಗತಿಯಲ್ಲಿ ಕಲಿಸಬೇಕಾದುದು ಎರಡನೆಯದನ್ನು.