ದಂಡಿನ ವಾದ್ಯಗಾರರು

ಮುಂಬಯಿಯ ಬೀದಿಗಳಲ್ಲಿ ಮದುವೆಯ ಮೆರವಣಿಗೆ ಹೊರಟಾಗ ಮುಂದೆ ನಡೆಯುವ ಬ್ಯಾಂಡಿನವರ ಉಡುಪನ್ನು ನಮ್ಮ ವಿದ್ಯಾರ್ಥಿಮಿತ್ರರು ಗಮನಿಸಿರಬಹುದು. ಕೆಂಪು ಅಂಗಿ, ಹೆಗಲ ಮೇಲೆ ಜರಿಯ ಕುಚ್ಚು, ಹಿತ್ತಾಳೆಯ ಗುಂಡಿಗಳು, ತಲೆಗೆ ಎತ್ತರದ ಟೊಪ್ಪಿಗೆ. ವರನು ಕುದುರೆಯೇರಿ ಹೋಗುವಾಗ ಅವನ ಮುಂದೆ ಸಿಪಾಯಿಯ ವೇಷವೇಕೆ? ಆ ವೇಷವೂ ಆ ತುತ್ತೂರಿಗಳೂ ಮದುವೆಯ ಮನೆಗೆ ಬಂದುದು ಆಂಗ್ಲರ ದಂಡಿನಿಂದ. ದಂಡಿನಲ್ಲಿ ಅವುಗಳ ಕೆಲಸವೇನಿತ್ತು, ಅವನ್ನು ಊದುತ್ತಿದ್ದವರು ಯಾರು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಪಟಾಲಮಿನ ವಾದ್ಯಗಾರರಲ್ಲಿ ಎರಡು ಬಗೆಯವರಿದ್ದರು. ಡ್ರಮ್ಮು, ಕಿರುಕೊಳಲು, ಬ್ಯೂಗಲ್ಲುಗಳನ್ನು ನುಡಿಸುವವರದು ಒಂದು ಬಗೆ. ಇವರದು ವಿನೋದವಲ್ಲ, ಆಜ್ಞೆ. ಗುಂಡಿನ ಸದ್ದಿನಲ್ಲಿ, ಧೂಳಿನಲ್ಲಿ, ಸೇನಾಪತಿಯ ಕೂಗು ಹತ್ತು ಮಾರು ದೂರಕ್ಕೂ ಕೇಳಿಸದು. ಕಹಳೆಯ ದನಿಯಾದರೋ ಮೈದಾನದ ಆಚೆಗೂ ಮುಟ್ಟುತ್ತದೆ. ಏಳು, ಉಣ್ಣು, ಸಾಲಾಗಿ ನಿಲ್ಲು, ಮುಂದೆ ನಡೆ, ದೀಪ ಆರಿಸು: ಒಂದೊಂದಕ್ಕೂ ಒಂದೊಂದು ಕರೆ. ೧೮೦೯ರಲ್ಲಿ ಬೆಂಗಳೂರಿನ ದಂಡು ನೆಲೆಗೊಂಡ ಬಳಿಕ ಅಲ್ಲಿನ ಸಿಪಾಯಿಗಳ ದಿನಚರಿಯೂ ಇಂಥ ಕರೆಗಳ ಪ್ರಕಾರವೇ ನಡೆಯಿತು.

ಬ್ಯೂಗಲ್ಲಿನ ರಚನೆ ಬಹು ಸರಳ. ಅದಕ್ಕೆ ಕೊಳಲಿನಂತೆ ರಂಧ್ರಗಳಿಲ್ಲ, ಒತ್ತುವ ಕೀಲಿಗಳೂ ಇಲ್ಲ. ಊದುವವನು ತುಟಿಯನ್ನು ಬಿಗಿ ಮಾಡಿದಷ್ಟೂ ಸ್ವರವು ಮೇಲೇರುತ್ತದೆ. ಆದರೆ ಬೇಕಾದ ಸ್ವರಕ್ಕೆಲ್ಲ ಏರುವಂತಿಲ್ಲ. ಕೊಳವೆಯೊಳಗಿನ ಗಾಳಿಯು ಎರಡು, ಮೂರು, ನಾಲ್ಕು, ಐದು, ಆರು ಪಾಲುಗಳಾಗಿ ಕಂಪಿಸಿದಾಗ ಹೊರಡುವ ಐದು ಸ್ವರಗಳೇ ಅದರ ಬಂಡವಾಳ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಅವು ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ, ಮತ್ತೆ ಪಂಚಮ. ಸರಿಯಾಗಿ ನೋಡಿದರೆ ಸ, ಗ, ಪ ಎಂಬ ಮೂರೇ! ಇಷ್ಟರಲ್ಲಿಯೇ ಹತ್ತಾರು ಕರೆಗಳನ್ನು ಒಂದಕ್ಕೊಂದು ಬೆರೆಯದಂತೆ ಕಟ್ಟಿದವರ ಜಾಣ್ಮೆಯನ್ನು ನಾವು ಮೆಚ್ಚಲೇಬೇಕು.

ಎರಡನೆಯ ಬಗೆಯವರು ಬ್ಯಾಂಡಿನವರು. ಪಥಸಂಚಲನ, ಅಧಿಕಾರಿಗಳ ಭೋಜನ, ಉದ್ಯಾನಗಳ ಸಾಯಂಕಾಲ, ಸತ್ತವರ ಶವಯಾತ್ರೆ, ಎಲ್ಲಕ್ಕೂ ಇವರು ಬೇಕು. ಯುದ್ಧ ಒದಗಿದರೆ ವಾದ್ಯವನ್ನು ಕೆಳಗಿಟ್ಟು ಗಾಯಾಳುಗಳನ್ನು ಹೊರುವುದೂ ಇವರ ಪಾಲಿಗೇ ಬರುತ್ತಿತ್ತು. ಬ್ಯಾಂಡಿನ ವೆಚ್ಚದ ಬಹುಭಾಗವನ್ನು ಅಧಿಕಾರಿಗಳು ತಮ್ಮ ವಂತಿಗೆಯಿಂದ ಭರಿಸುತ್ತಿದ್ದರು. ಜರ್ಮನಿ, ಇಟಲಿಗಳ ವಾದ್ಯನಿಪುಣರನ್ನು ಸಂಬಳ ಕೊಟ್ಟು ಕರೆತರುತ್ತಿದ್ದರು. ಪಟಾಲಮಿಗೊಂದು ಶ್ರುತಿ, ಪಟಾಲಮಿಗೊಂದು ಪಾಠ. ೧೮೫೪ರಲ್ಲಿ ತುರ್ಕಿಯ ಸ್ಕುಟಾರಿಯಲ್ಲಿ ರಾಣಿಯ ಹುಟ್ಟುಹಬ್ಬದಂದು ಎಲ್ಲ ಬ್ಯಾಂಡುಗಳೂ ಕೂಡಿ ರಾಣಿಯ ಗೀತೆಯನ್ನು ನುಡಿಸಹೋಗಿ, ಬೇರೆ ಬೇರೆ ಶ್ರುತಿಗಳಲ್ಲಿ ಕರ್ಕಶವಾಗಿ ಕೇಳಿಸಿ, ನಗೆಪಾಟಲಾಯಿತು. ಅನಂತರ ೧೮೫೭ರಲ್ಲಿ ಲಂಡನ್ನಿನ ಬಳಿಯ ನೆಲ್ಲರ್ ಹಾಲಿನಲ್ಲಿ ದಂಡಿನ ಸಂಗೀತಶಾಲೆ ಆರಂಭವಾಯಿತು. ಅದು ೨೦೨೧ರವರೆಗೂ ಅಲ್ಲಿಯೇ ಇದ್ದಿತು.

ಇಷ್ಟು ವಾದ್ಯಗಳ ವಿಷಯವಾಯಿತು. ಇನ್ನು ಮನುಷ್ಯರ ವಿಷಯ.

ಕಂಪೆನಿ ಸರ್ಕಾರದ ಆಜ್ಞೆಗಳಲ್ಲಿ ೧೭೯೫ರ ಒಂದು ಆಜ್ಞೆಯುಂಟು. ತಂದೆ ತಾಯಿ ಇಬ್ಬರೂ ಯುರೋಪಿನವರಲ್ಲದವನಿಗೆ ಕಂಪೆನಿಯ ಸೈನ್ಯದಲ್ಲಿ ಸ್ಥಾನವಿಲ್ಲ. ಕೊಳಲೂದುವವನಾಗಿ, ಡ್ರಮ್ಮು ಬಾರಿಸುವವನಾಗಿ, ಬ್ಯಾಂಡಿನವನಾಗಿ, ಇಲ್ಲವೆ ಕುದುರೆಗೆ ಲಾಳ ಕಟ್ಟುವವನಾಗಿ ಮಾತ್ರ ಇರಬಹುದು. ಆಂಗ್ಲ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದ ಹುಡುಗರಿಗೆ ಹಾಕಿದ ಬೇಲಿ ಇದು. ತಂದೆಯು ಕತ್ತಿ ಕಟ್ಟಿಕೊಂಡು ಕುದುರೆಯ ಮೇಲಿರುವ ಪಟಾಲಮಿನಲ್ಲಿಯೇ ಮಗನು ಕಾಲುನಡಿಗೆಯಲ್ಲಿ ಕೊಳಲೂದುತ್ತ ಹೋಗಬಹುದು, ಅದಕ್ಕಿಂತ ಮೇಲೇರುವಂತಿಲ್ಲ. ಅಂದು ಮೆರವಣಿಗೆಯನ್ನು ನೋಡಿ ತಲೆದೂಗಿದವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿತ್ತೋ ಕಾಣೆವು. ಸ್ಕಾಟ್ಲೆಂಡಿನ ತಂದೆ, ರಜಪೂತ ತಾಯಿಯರ ಮಗನಾದ ಜೇಮ್ಸ್ ಸ್ಕಿನ್ನರನು ಸಿಂಧಿಯಾ ಮಹಾರಾಜರ ಸೈನ್ಯವನ್ನು ಸೇರಿ ಹೆಸರು ಗಳಿಸಿದನು. ೧೮೦೩ರಲ್ಲಿ ಅವನು ಅದೇ ಕಂಪೆನಿಯ ಕಡೆಗೆ ಬಂದಾಗ ಅದು ಅವನಿಗೆ ಕುದುರೆ ದಂಡೊಂದರ ನಾಯಕತ್ವವನ್ನು ಕೊಟ್ಟಿತು. ಎಲ್ಲರೂ ಸ್ಕಿನ್ನರರಾಗಲಿಲ್ಲ. ಉಳಿದವರು ಊದಿದರು, ಬಾರಿಸಿದರು. ದಂಡಿನ ಅನಾಥಾಲಯಗಳಿಂದ ಬಂದ ಎಳೆಯ ಹುಡುಗರೂ ಈ ಸಾಲಿಗೆ ಸೇರಿದರು, ನಿಮ್ಮಷ್ಟೇ ವಯಸ್ಸಿನವರು.

ಹೀಗೆ ಹುಟ್ಟಿದ ನಾದವು ಕೋಟೆಯ ಗೋಡೆಯನ್ನು ದಾಟಿ ಹೊರಗೂ ಹರಿಯಿತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡನ್ನು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರೂ ಒಬ್ಬರು. ಆ ಮಟ್ಟುಗಳಿಗೆ ಅವರು ಸಂಸ್ಕೃತದಲ್ಲಿ ಸಾಹಿತ್ಯವನ್ನು ಹೊಂದಿಸಿದರು. ಇವಕ್ಕೆ ‘ನೊಟ್ಟುಸ್ವರ’ಗಳೆಂದು ಹೆಸರು, ‘ನೋಟ್’ ಎಂಬ ಆಂಗ್ಲ ಪದವೇ ನೊಟ್ಟು ಆಗಿದೆ. ಸುಮಾರು ೪೦ ರಚನೆಗಳು ಉಳಿದುಬಂದಿವೆ. ಪಾಶ್ಚಾತ್ಯರ ಮುಖ್ಯ ಸ್ವರಶ್ರೇಣಿಗೂ ನಮ್ಮ ಶಂಕರಾಭರಣಕ್ಕೂ ಸ್ವರಗಳು ಒಂದೇ ಆದುದರಿಂದ ಈ ಹೊಂದಿಕೆ ಸುಲಭವಾಯಿತು. ಆಂಗ್ಲ ರಾಜನ ಸ್ತುತಿಯ ಮಟ್ಟನ್ನೂ ಅವರು ಬಿಡದೆ ‘ಸಂತತಂ ಪಾಹಿಮಾಂ’ ಎಂದು ದೇವಿಯ ಸ್ತುತಿಗೆ ತಿರುಗಿಸಿಕೊಂಡರು. ರಾಜನನ್ನು ಕಾಯೆಂಬ ಮೊರೆ ದೇವಿಯೆಡೆಗೆ ಹೊರಳಿ ‘ನನ್ನನ್ನು ಕಾಯಿ’ ಎಂದಾಯಿತು!

ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಬ್ಯಾಂಡಿಗೆ ಜರ್ಮನಿಯ ಒಟ್ಟೊ ಶ್ಮಿಟ್ಟರನ್ನು ಕರೆಸಿದರು. ವೀಣೆ ವೆಂಕಟಗಿರಿಯಪ್ಪನವರು ನಗ್ಮಾಗಳೆಂಬ ವಾದ್ಯಕೃತಿಗಳನ್ನು ರಚಿಸಿದರು. ದಸರೆಗೆ ಹೋದವರು ಕೇಳುವ ಪೊಲೀಸ್ ಬ್ಯಾಂಡು ಆ ಅರಮನೆಯ ಪರಂಪರೆಯದೇ. ಉತ್ತರದಲ್ಲಿ ಸ್ಕಾಟರ ಪಟಾಲಮುಗಳ ಚೀಲದ ಕೊಳಲು ಗೂರ್ಖಾ, ಸಿಖ್, ಗಢವಾಲಿ ಸಿಪಾಯಿಗಳ ಕೈಸೇರಿತು. ಗಢವಾಲದ ಬೆಟ್ಟಗಳಲ್ಲಿ ಅದು ಮಶಕಬೀನ್ ಎಂಬ ಹೆಸರಿನಿಂದ ಮದುವೆಗಳಲ್ಲಿ ನುಡಿಯುತ್ತದೆ.

ಆಂಗ್ಲರ ದಂಡಿನಲ್ಲಿಯೇ ವಾದ್ಯವನ್ನು ಕಲಿತವರಲ್ಲಿ ಗೂರ್ಖಾ ರೈಫಲ್ಸಿನ ರಾಮಸಿಂಗ್ ಠಾಕುರಿ ಒಬ್ಬರು. ೧೯೧೪ರಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕು, ಸುಭಾಷರ ಆಜಾದ್ ಹಿಂದ್ ಸೇನೆಯನ್ನು ಸೇರಿದರು. ಯಾರ ಕವಾಯತಿಗಾಗಿ ಸ್ವರ ಕಲಿತಿದ್ದರೋ ಅವರ ವಿರುದ್ಧ ನಡೆಯುವ ಸೈನಿಕರಿಗಾಗಿ ‘ಕದಮ್ ಕದಮ್ ಬಢಾಯೇ ಜಾ’ ಎಂಬ ಹಾಡಿಗೆ ರಾಗ ಕಟ್ಟಿದರು. ಸ್ವಾತಂತ್ರ್ಯಾನಂತರ ಲಖನೌದಲ್ಲಿ ಸಶಸ್ತ್ರ ಪೊಲೀಸರ ಬ್ಯಾಂಡನ್ನು ನಡೆಸಿ, ೨೦೦೨ರಲ್ಲಿ ತೀರಿಕೊಂಡರು. ಆ ರಾಗವನ್ನು ಭಾರತದ ಸೇನೆಯ ಬ್ಯಾಂಡುಗಳು ಇಂದಿಗೂ ನಡಿಗೆಗೆ ನುಡಿಸುತ್ತವೆ.